ಹಿಂದಿನ ಸೀಟಿನ ಮಾತು

ಹೋದ ತಿಂಗಳು ನಮ್ಮ ಆಫೀಸಿನಲ್ಲಿ ಸ್ಟೋರ್ಸಿನ ಹಿರಿಯರೊಬ್ಬರಿಗೆ ನಿವೃತ್ತಿಯ ಬೀಳ್ಕೊಡುಗೆ ಆಯಿತು. ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಮುಗಿದ ಮೇಲೆ ಮ್ಯಾನೇಜರು ಒಂದು ದೊಡ್ಡ ಡಬ್ಬವನ್ನು ಅವರ ಕೈಗಿಟ್ಟು, "ನಮ್ಮ ಸಂಗೀತಪ್ರಿಯರಿಗೆ ನಮ್ಮೆಲ್ಲರ ಕಡೆಯಿಂದ ಒಂದು ಸಣ್ಣ ಕಾಣಿಕೆ" ಎಂದರು. ಒಳಗೆ ಬೀದಿಯನ್ನೇ ಎಬ್ಬಿಸುವಂಥ ಸ್ಪೀಕರು. ಎಲ್ಲರೂ ಚಪ್ಪಾಳೆ ತಟ್ಟಿದರು, ಅವರೂ ತಟ್ಟಿದರು. ಭಾಷಣ ಮಾಡಿದವರೆಲ್ಲ ಸಂಗೀತದ ಬಗ್ಗೆಯೇ ಮಾತಾಡಿದರು. ಒಬ್ಬರಂತೂ ಅವರ ಶಾಂತ ಸ್ವಭಾವಕ್ಕೆ ಸದಾ ಕಿವಿಯಲ್ಲಿರುವ ರಾಗಗಳೇ ಕಾರಣ ಎಂದುಬಿಟ್ಟರು. ನನ್ನನ್ನೂ ಎರಡು ಮಾತಾಡಿ ಎಂದು ಎಬ್ಬಿಸಿದರು. ಗಂಟಲು ಕಟ್ಟಿದೆ ಎಂದು ಸನ್ನೆ ಮಾಡಿ ಕೂತುಬಿಟ್ಟೆ. ಬಾಯಿ ತೆರೆದಿದ್ದರೆ ನಿಜ ಹೊರಗೆ ಬೀಳುತ್ತಿತ್ತು.

ನಿಜ ಏನೆಂದರೆ, ಆ ಮನುಷ್ಯನಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಇದ್ದದ್ದು ಕಿವುಡು, ಅದರ ಜೊತೆಗೆ ಹೆಂಡತಿಯ ಮಾತು ಕೇಳಿಸಿಕೊಳ್ಳಬೇಕೆಂಬ ಆಸೆ. ಇದು ನನಗೆ ಗೊತ್ತಾಗಲು ತಿಂಗಳುಗಟ್ಟಲೆ ಹಿಡಿಯಿತು. ನಿಮ್ಮನ್ನು ಅಷ್ಟು ಕಾಯಿಸುವುದು ಬೇಡವೆಂದು ಈಗಲೇ ಹೇಳಿಬಿಟ್ಟೆ.

ಹೆಸರು ಹೇಳುವುದಿಲ್ಲ. ಅವರ ಹೆಂಡತಿಯೂ ಇಷ್ಟು ವರ್ಷ ಹೇಳಿಲ್ಲ. "ರೀ" ಎಂದುಕೊಂಡೇ ಸಂಸಾರ ಸಾಗಿಸಿದ್ದಾರೆ. ನಾನು ಯಾಕೆ ಹೇಳಲಿ.

ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದು ಪಂಪುಸೆಟ್ಟಿನ ಬಿಡಿಭಾಗ ಮಾರುವ ಕಂಪನಿ. ಅವರು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು, ನಾನು ಬಿಲ್ಲಿಂಗ್. ಇಬ್ಬರ ಮನೆಯೂ ಕೆಂಗೇರಿ ಉಪನಗರದಲ್ಲಿ, ಎರಡು ಬೀದಿ ಆಚೀಚೆ. ಅವರು ಗಿಡ್ಡ ಆಳು. ಇಸ್ತ್ರಿ ಮಾಡಿದ ಅರ್ಧ ತೋಳಿನ ಷರಟು, ಜೇಬಿನಲ್ಲಿ ಮಡಚಿಟ್ಟ ಹಳದಿ ಬಟ್ಟೆ. ಆ ಬಟ್ಟೆ ಹೆಲ್ಮೆಟ್ಟಿನ ಗಾಜು ಒರೆಸುವುದಕ್ಕೆ. ಪ್ರತಿ ಸಿಗ್ನಲ್ಲಿನಲ್ಲೂ ಹೆಲ್ಮೆಟ್ ತೆಗೆದು ಒಳಗೂ ಹೊರಗೂ ಒರೆಸುತ್ತಿದ್ದರು. ಮೈಸೂರು ರಸ್ತೆಯ ಧೂಳನ್ನು ಅಷ್ಟು ಸ್ಪಷ್ಟವಾಗಿ ಕಂಡವರು ಇನ್ನೊಬ್ಬರಿರಲಾರರು.

ಆಫೀಸಿನಲ್ಲಿ ಅವರಿಗೆ ಜ್ಞಾನಿ ಎಂಬ ಹೆಸರಿತ್ತು. ಯಾರು ಏನು ಹೇಳಿದರೂ ಅವರದು "ನೋಡೋಣ ಬಿಡಿ", ಇಲ್ಲವೇ "ಅದೇ ಮತ್ತೆ", ತೀರಾ ಒತ್ತಾಯ ಮಾಡಿದರೆ "ಒಳ್ಳೇದೇ ಆಯ್ತಲ್ಲ". ಈ ಸಲ ಬೋನಸ್ ಇಲ್ಲ ಎಂದು ಮ್ಯಾನೇಜರು ಹೇಳಿದಾಗ ನಾವೆಲ್ಲ ಮುಖ ಕೆಳಗೆ ಹಾಕಿದೆವು. ಅವರು ಮಾತ್ರ ನಗುಮುಖದಿಂದ "ಒಳ್ಳೇದೇ ಆಯ್ತಲ್ಲ" ಎಂದರು. ಇವರು ಆಸೆಯನ್ನೇ ಗೆದ್ದವರು ಎಂದು ಅಕೌಂಟ್ಸಿನವರು ಅವತ್ತೇ ತೀರ್ಮಾನಿಸಿದರು. ವಾಚ್‌ಮನ್ ಓಡಿಬಂದು, "ಸಾರ್, ಹೆಣ್ಮಗು ಆಯ್ತು ಸಾರ್" ಎಂದಾಗ "ನೋಡೋಣ ಬಿಡಿ" ಎಂದರು. ಪಾಪ, ಆತ ಅದರಲ್ಲಿ ಏನೋ ಗೂಢಾರ್ಥವಿದೆ ಎಂದುಕೊಂಡು ಮಗುವಿನ ಜಾತಕ ಬರೆಸಿದ.

ಇನ್ನು ಅವರ ಹೆಂಡತಿ. ವಿಜಯನಗರದಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಾರೆ. ಗಂಡ ದಿನಾ ಮೋಟಾರ್ ಸೈಕಲ್ಲಿನಲ್ಲಿ ಅವರನ್ನು ಅಲ್ಲಿ ಇಳಿಸಿ ರಾಜಾಜಿನಗರಕ್ಕೆ ಬರುತ್ತಿದ್ದರು, ಸಂಜೆ ಕರೆದುಕೊಂಡು ಹೋಗುತ್ತಿದ್ದರು. ಇಬ್ಬರನ್ನೂ ನಾನು ಬಸ್‌ಸ್ಟಾಪಿನಲ್ಲಿ ನಿಂತು ಎಷ್ಟೋ ವರ್ಷ ನೋಡಿದ್ದೇನೆ. ಆಯಮ್ಮ ಗಂಡನ ಬಲಭುಜದ ಪಕ್ಕಕ್ಕೆ ಬಾಯಿ ತಂದು ಒಂದೇ ಸಮ ಮಾತಾಡುತ್ತಿರುತ್ತಿದ್ದರು. ಅವರು ಹೆಲ್ಮೆಟ್ ಅಲ್ಲಾಡಿಸುತ್ತಿರುತ್ತಿದ್ದರು. ಇಷ್ಟು ವರ್ಷವಾದರೂ ಮುಗಿಯದ ಅದೆಂಥ ಮಾತಪ್ಪಾ ಎಂದು ನನಗೆ ಸೋಜಿಗ.

ನಮ್ಮ ಕಡೆ ಗಂಡನ ಗಾಡಿ ಹತ್ತಿದ ಹೆಂಗಸು ಸೆರಗು ಸರಿ ಮಾಡಿಕೊಂಡು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, "ಹೂಂ" ಎನ್ನುತ್ತಾಳೆ. ಆ ಹೂಂ ಬೀಳದೆ ಗಾಡಿ ಕದಲುವುದಿಲ್ಲ. ಕಿವಿ ಮಂದವಾಗುತ್ತ ಬಂದಂತೆ ಅವರಿಗೆ ಈ ಹೂಂ ಕೇಳಿಸದಾಯಿತು. ಯಾರಿಗೂ ಹೇಳಲಿಲ್ಲ. ಹೆಂಡತಿ ಕೂತಾಗ ಹಿಂದಿನ ಸೀಟು ಕೆಳಗೆ ಕುಸಿಯುತ್ತದಲ್ಲ, ಅದನ್ನೇ ಹೂಂ ಎಂದು ಲೆಕ್ಕ ಹಿಡಿದು ಹೊರಡುತ್ತಿದ್ದರು. ಬಹಳ ದಿನ ಹೀಗೇ ನಡೆಯಿತು.

ಒಂದು ಭಾನುವಾರ ಅತ್ತಿಗುಪ್ಪೆಯ ಫ್ಲೋರ್ ಮಿಲ್ಲಿಗೆ ರಾಗಿ ಬೀಸಿಸಲು ಹೋಗಿದ್ದರು. ಕೆಂಗೇರಿಯಲ್ಲಿ ನುಣ್ಣಗೆ ಬೀಸುವುದಿಲ್ಲವೆಂದು ಆಯಮ್ಮನ ತಕರಾರು. ಆಯಮ್ಮ ಹಿಟ್ಟಿನ ಮೂಟೆಯನ್ನು ತಂದು ಹಿಂದಿನ ಸೀಟಿನ ಮೇಲೆ ಧೊಪ್ಪನೆ ಇಟ್ಟು, ಮರೆತುಬಂದ ಕೊಡೆ ತರಲು ಒಳಗೆ ಹೋದರು. ಸೀಟು ಕುಸಿಯಿತು. ಇವರು ಗೇರು ಹಾಕಿ ಹೊರಟೇಬಿಟ್ಟರು.

ಮೂಟೆ ಹಿಂದಿನ ಕಂಬಿಗೆ ಒರಗಿಕೊಂಡು ಭದ್ರವಾಗಿ ಕೂತಿತ್ತು. ನಾಯಂಡಹಳ್ಳಿ ದಾಟುವವರೆಗೆ ಮಗಳಿಗೆ ಬಂದಿದ್ದ ಒಂದು ಸಂಬಂಧದ ವಿಷಯ ಮಾತಾಡಿದರಂತೆ. ಹಿಟ್ಟು ಸುಮ್ಮನಿತ್ತು. ಕೋಪ ಬಂದಿರಬೇಕು ಎಂದುಕೊಂಡು ಹುಡುಗನ ಕಡೆಯವರ ಬಗ್ಗೆ ತಮಗೂ ಅಷ್ಟೇನೂ ಒಲವಿಲ್ಲ ಎಂದು ಸಮಾಧಾನ ಮಾಡಿದರಂತೆ. ಮನೆ ಮುಂದೆ ನಿಲ್ಲಿಸಿ, "ಇಳಿ" ಎಂದರು. ಮಗಳು ಬಾಗಿಲಿಗೆ ಬಂದು, "ಅಮ್ಮ ಎಲ್ಲಪ್ಪಾ?" ಎಂದಳು.

ಅಮ್ಮ ಮೆಟ್ರೋದಲ್ಲಿ ಬಂದರು, ಕೈಯಲ್ಲಿ ಕೊಡೆ. ಹಿಂದಿನಿಂದ ಕೂಗಿದ್ದೆ, ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದರು. ಆ ಗಳಿಗೆಯಲ್ಲಿ ನಿಜ ಹೇಳಿಬಿಟ್ಟಿದ್ದರೆ ಈ ಬರಹಕ್ಕೆ ಕೆಲಸವಿರುತ್ತಿರಲಿಲ್ಲ. ಅವರು ಏನೆಂದರು ಗೊತ್ತೇ?

"ಕಿವೀಲಿ ಹಾಡು ಹಾಕ್ಕೊಂಡಿದ್ದೆ ಕಣೇ. ಹಾಡಲ್ಲಿ ಹೂಂ ಅಂತು. ನೀನೇ ಅಂದೆ ಅಂದ್ಕೊಂಡೆ."

ಆಯಮ್ಮ ಒಂದು ಕ್ಷಣ ನೋಡಿ, "ಸರಿ ಹಾಗಾದ್ರೆ. ಇನ್ಮೇಲೆ ಆ ಹಾಡನ್ನೇ ಹಿಂದೆ ಕೂರಿಸ್ಕೊಂಡು ಓಡಾಡಿ" ಎಂದು ಒಳಗೆ ಹೋದರು. ಮಾರನೆಯ ದಿನದಿಂದ ಮೆಟ್ರೋ ಹಿಡಿದರು. ಗಾಡಿಯ ಹಿಂದಿನ ಸೀಟು ಖಾಲಿಯಾಯಿತು. ಅದನ್ನು ನಾನು ಹತ್ತಿದೆ. ನನಗೆ ಗಾಡಿ ಓಡಿಸಲು ಬಾರದು, ಬಸ್ಸಿನಲ್ಲಿ ನಿಂತು ನಿಂತು ಸಾಕಾಗಿತ್ತು. ಇನ್ನೊಬ್ಬರ ಮನೆಯ ಜಗಳದಿಂದ ನನ್ನಷ್ಟು ಸುಖಪಟ್ಟವರು ಕಡಿಮೆ.

ಸುಳ್ಳು ಹೇಳಿದ ಮೇಲೆ ಅದಕ್ಕೆ ತಕ್ಕ ಸಾಮಾನೂ ಬೇಕಲ್ಲ. ಇಯರ್‌ಬಡ್ ಹುಡುಕಾಟ ಶುರುವಾದದ್ದು ಹಾಗೆ. ಡಿಸ್ಪ್ಯಾಚಿನವರು ಹೇಳಿದ್ದೊಂದನ್ನು ಮೊದಲು ತಂದರು. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಗಾಜು ಒರೆಸಲು ಹೆಲ್ಮೆಟ್ ಎಳೆದರು. ಎಡಗಿವಿಯದು ಹಾರಿ ಬಸ್ಸಿನ ಚಕ್ರದ ಕೆಳಗೆ ಹೋಯಿತು. "ಅದೇ ಮತ್ತೆ" ಎಂದರು. ಆಮೇಲೆ ಕುತ್ತಿಗೆಗೆ ಹಾಕಿಕೊಳ್ಳುವ ಬಗೆಯದು. ಅದರ ವಯರು ಹೆಲ್ಮೆಟ್ಟಿನ ಪಟ್ಟಿಗೆ ಸಿಕ್ಕಿಕೊಂಡು, ತಲೆ ತಿರುಗಿಸಿದಾಗಲೆಲ್ಲ ಕಿವಿ ಜಗ್ಗುತ್ತಿತ್ತು. ಮತ್ತೊಂದು ರಬ್ಬರ್ ಬಿರಡೆಯದು, ಕಿವಿಯೊಳಗೆ ಎಷ್ಟು ಗಟ್ಟಿಯಾಗಿ ಕೂತಿತೆಂದರೆ ಅಷ್ಟೋ ಇಷ್ಟೋ ಕೇಳಿಸುತ್ತಿದ್ದದ್ದೂ ನಿಂತುಹೋಯಿತು.

ಆ ಬಿರಡೆಯ ಕಾಲದಲ್ಲೇ ನನಗೆ ಅನುಮಾನ ಬಂದದ್ದು. ಒಂದು ಬೆಳಿಗ್ಗೆ ಗಾಡಿ ಹಿಂದೆ ಓಲಾಡತೊಡಗಿತು. ಭುಜಕ್ಕೆ ಬಾಗಿ, "ಸಾರ್, ಹಿಂದಿನ ಚಕ್ರದಲ್ಲಿ ಗಾಳಿ ಇಲ್ಲ!" ಎಂದು ಕೂಗಿದೆ.

"ಹೌದು ಕಣ್ರೀ, ಒಂಚೂರೂ ಇಲ್ಲ. ಏನ್ ಸೆಕೆ ಅಂತೀನಿ" ಎಂದರು.

ಚಂದ್ರಾ ಲೇಔಟ್ ಮುಟ್ಟುವಷ್ಟರಲ್ಲಿ ಟ್ಯೂಬು ಚಿಂದಿಯಾಗಿತ್ತು. ಪಂಕ್ಚರ್ ಅಂಗಡಿಯ ಮುಂದೆ ನಿಂತಾಗ, ಹಾಡಿನ ಸೌಂಡು ಇಷ್ಟು ಜೋರು ಇಡಬೇಡಿ ಸಾರ್ ಎಂದು ರೇಗಿದೆ. ಅವರು ತಪ್ಪು ಮಾಡಿದ ಮಕ್ಕಳ ಹಾಗೆ ಫೋನನ್ನು ಜೇಬಿನಿಂದ ತೆಗೆದು ನೋಡಿದರು. ಫೋನು ಸ್ವಿಚ್ ಆಫ್ ಆಗಿತ್ತು.

ಆ ಶನಿವಾರ ಆಫೀಸು ಬಿಟ್ಟ ಮೇಲೆ ವಿಜಯನಗರದ ಒಂದು ಮೊಬೈಲ್ ಸಾಮಾನಿನ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿ ನಡೆಸುವಾಕೆ ಗದಗಿನ ಕಡೆಯವರು. ಇವರು ಕೌಂಟರಿನ ಮೇಲೆ ಹೆಲ್ಮೆಟ್ ಇಟ್ಟು, "ಹೊರಗಿನ ಸದ್ದು ಒಳಗೆ ಬರೋದು ಕೊಡಿ" ಎಂದರು.

"ಹೊರಗಿನ ಸದ್ದು ಬರಲಾರದ್ದು ಅಲ್ರಿ ಸರ?"

"ಅಲ್ಲ. ಬರೋದು."

"ಎಲ್ಲಾರೂ ಅದನ್ನ ಬ್ಯಾಡ ಅಂತಾರ್ರಿ, ನೀವೊಬ್ರ ಬೇಕಂತೀರಿ ನೋಡ್ರಿ" ಎನ್ನುತ್ತ ಆಕೆ ಒಂದೊಂದೇ ಡಬ್ಬಿ ತೆಗೆದರು.

ಇವರು ಒಂದನ್ನು ಕಿವಿಗಿಟ್ಟು, ಮೇಲೆ ಹೆಲ್ಮೆಟ್ ಹಾಕಿ, ನನಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತರು. ಹಿಂದೆ ನಿಂತು ಮೆಲ್ಲಗೆ ಮಾತಾಡಬೇಕೆಂದು ನನಗೆ ಅಪ್ಪಣೆಯಾಯಿತು. ಏನು ಮಾತಾಡಲಿ ಎಂದೆ. ಮನೇಲಿ ಮಾತಾಡೋ ಹಾಗೆ ಏನಾದರೂ ಎಂದರು. "ಅಕ್ಕಿ ಮುಗಿದಿದೆ" ಎಂದೆ. ಹೆಲ್ಮೆಟ್ ಕದಲಲಿಲ್ಲ. ಡಬ್ಬಿ ಬದಲಾಯಿತು. "ಅಕ್ಕಿ ಮುಗಿದಿದೆ ರೀ" ಎಂದೆ. ಅಷ್ಟರಲ್ಲಿ ಚಾರ್ಜರ್ ಕೊಳ್ಳಲು ಬಂದವರೆಲ್ಲ ಚಾರ್ಜರ್ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ನನ್ನ ಮರ್ಯಾದೆ ಹೋಗುವಷ್ಟು ಹೋಗಿತ್ತು. ಇನ್ನು ಉಳಿಸಿಕೊಳ್ಳುವುದೇನಿದೆ ಎಂದು ಹೆಂಡತಿಯರು ಭುಜದ ಹತ್ತಿರ ಬಾಗುವ ಹಾಗೆ ಬಾಗಿ, "ರೀ, ಬೆಳಿಗ್ಗೆ ನಿಮ್ ತಮ್ಮ ಫೋನ್ ಮಾಡಿದ್ರು" ಎಂದೆ.

ಹೆಲ್ಮೆಟ್ ನಿಧಾನವಾಗಿ ನನ್ನ ಕಡೆ ತಿರುಗಿತು. "ಯಾವ ತಮ್ಮ? ಚಿಕ್ಕೋನಾ?" ಎಂದರು. ಗಾಜಿನೊಳಗೆ ಅವರ ಕಣ್ಣು ತುಂಬಿಕೊಂಡಿತ್ತು.

"ಸರ, ತಡ್ರಿ, ಇನ್ನೂ ಹಾಡ ಹಚ್ಚಿಲ್ರಿ" ಎಂದರು ಅಂಗಡಿಯಾಕೆ.

"ಹಾಡು ಬೇಡಮ್ಮ. ಇದೇ ಇರ್ಲಿ" ಎಂದರು.

ಪಕ್ಕದ ಟೀ ಅಂಗಡಿಯಲ್ಲಿ ನಿಂತು, ಸಾರ್, ಎಷ್ಟು ದಿನದಿಂದ ಹೀಗೆ ಎಂದು ನೇರವಾಗಿ ಕೇಳಿದೆ. ಹೊಸ ಇಯರ್‌ಬಡ್ ಕಿವಿಯಲ್ಲೇ ಇದ್ದದ್ದರಿಂದ ಮೊದಲ ಸಲಕ್ಕೇ ಕೇಳಿಸಿತು. ಲೋಟ ಕೆಳಗಿಟ್ಟು ಹೇಳಿದರು. ಅವರ ತಂದೆಯೂ ಕಿವುಡರಂತೆ. ಮದುವೆಯಾಗಿ ಬಂದ ದಿನದಿಂದ ಮಾವನಿಗೆ ಊಟ, ಔಷಧಿ, ಸ್ನಾನಕ್ಕೆ ನೀರು, ಎಲ್ಲವನ್ನೂ ಈಯಮ್ಮ ಕೂಗಿ ಕೂಗಿಯೇ ಹೇಳಬೇಕಾಗಿತ್ತು. ಗಂಟಲು ನೋವಿಗೆ ರಾತ್ರಿ ಬಿಸಿನೀರು ಮುಕ್ಕಳಿಸುತ್ತಿದ್ದರಂತೆ. ಮಾವ ಹೋದ ಮೇಲೆ ಯಾರೋ ಸಮಾಧಾನ ಹೇಳಲು ಬಂದಾಗ, "ಪಾಪ, ಹೋದ್ರು. ನಂಗಂತೂ ಇನ್ನೊಬ್ರಿಗೆ ಹಂಗೆ ಕೂಗೋ ತಾಕತ್ತಿಲ್ಲ" ಎಂದಿದ್ದರಂತೆ. ಅದನ್ನು ಇವರು ಪಕ್ಕದ ಕೋಣೆಯಿಂದ ಕೇಳಿಸಿಕೊಂಡಿದ್ದರು. ಆಗ ಕಿವಿ ಚೆನ್ನಾಗಿತ್ತು.

"ಕೂಗಿ ಹೇಳಿಸ್ಕೊಳ್ಳಿ ಸಾರ್, ಅದಕ್ಕೇನೀಗ" ಎಂದೆ. ಬುದ್ಧಿಯಿಲ್ಲದ ಮಾತು ಎಂದು ಹೇಳಿದ ಮೇಲೆ ತಿಳಿಯಿತು.

"ಅಲ್ಲ ಕಣ್ರೀ, ಎರಡು ಕೋಣೆ ಮನೆ ನಮ್ದು. ಅಪ್ಪ, ಅಮ್ಮ, ಮಕ್ಕಳು, ಓದೋಕೆ ಅಂತ ಬಂದ ಅಕ್ಕನ ಮಗ. ಗಂಡ ಹೆಂಡ್ತಿ ಒಂದ್ ಮಾತಾಡ್ಬೇಕು ಅಂದ್ರೆ ಎಲ್ಲಿ ಆಡೋದು? ಗಾಡಿ ಅಂದ್ರೆ ನಮಗೆ ಇನ್ನೊಂದು ರೂಮು. ಅತ್ತಿದ್ದು, ಜಗಳ ಆಡಿದ್ದು, ಏನು ತಗೋಬೇಕು ಏನು ಬಿಡ್ಬೇಕು ಅಂತ ನಿಶ್ಚಯ ಮಾಡಿದ್ದು, ಎಲ್ಲಾ ಅಲ್ಲೇ. ಕೂಗಿ ಹೇಳೋ ಮಾತಾಗಿದ್ರೆ ಮನೇಲೇ ಹೇಳ್ತಿದ್ಲು."

ನಾನು ಮದುವೆಯಾಗಿ ಇಷ್ಟು ವರ್ಷವಾಗಿದೆ, ದೊಡ್ಡ ಮನೆಯೇ ಇದೆ, ಮೆಲ್ಲಗೆ ಹೇಳುವಂಥ ಒಂದು ಮಾತೂ ನಮ್ಮಲ್ಲಿಲ್ಲ. ಅವರ ಮೇಲೆ ಹೊಟ್ಟೆಕಿಚ್ಚಾಯಿತು.

ಅಂಗಡಿಯೊಳಗೆ ಗೆದ್ದ ಇಯರ್‌ಬಡ್ ರಸ್ತೆಯಲ್ಲಿ ಸೋತಿತು. ಹೊರಗಿನ ಸದ್ದೆಲ್ಲ ಒಳಗೆ ಬಂತು, ಅದರಲ್ಲಿ ಸಂಶಯವಿಲ್ಲ: ಗಾಳಿ, ಹಾರ್ನು, ಲಾರಿ, ಮೆಟ್ರೋ ಕಂಬದ ಕೆಳಗಿನ ಆಟೋಗಳು. ಮೈಸೂರು ರಸ್ತೆಯಲ್ಲಿ ಯಾವ ಹೆಂಗಸು ತನ್ನ ಗಂಡನಿಗೆ "ರೀ" ಎಂದರೂ ಇವರು ತಿರುಗಿ ನೋಡುತ್ತಿದ್ದರು. ಒಮ್ಮೆ ಪಕ್ಕದ ಸ್ಕೂಟರಿನಾಕೆ "ರೀ, ನಿಧಾನ" ಎಂದದ್ದಕ್ಕೆ ಇವರು ಬ್ರೇಕ್ ಹಾಕಿದರು, ನನ್ನ ಮೂಗು ಅವರ ಹೆಲ್ಮೆಟ್ಟಿಗೆ ಬಡಿಯಿತು. ಬೆನ್ನಿಗಂಟಿ ಕೂತ ನನ್ನ ಮಾತು ಮಾತ್ರ ಗಾಡಿ ವೇಗ ಹಿಡಿದ ಕೂಡಲೇ ಕೇಳಿಸುತ್ತಿರಲಿಲ್ಲ. ಆದರೂ ಅದನ್ನು ಕಿವಿಯಿಂದ ತೆಗೆಯಲಿಲ್ಲ. ಗೋಡೌನಿನಲ್ಲಿ, ಮನೆಯಲ್ಲಿ, ಊಟಕ್ಕೆ ಕೂತಾಗಲೂ ಅದು ಕಿವಿಯಲ್ಲೇ. ಆಫೀಸಿನಲ್ಲಿ ಸಂಗೀತಪ್ರಿಯ ಎಂಬ ಬಿರುದು ಬಂದದ್ದು ಈ ದಿನಗಳಲ್ಲಿ.

ಮನೆಯಲ್ಲಿ ಬಂದ ಬಿರುದು ಬೇರೆ. ಅವರು ರಜೆ ಹಾಕಿದ್ದ ಒಂದು ದಿನ ನಾನು ಮೆಟ್ರೋ ಹತ್ತಿದೆ. ಹೊಲಿಗೆಯ ಬ್ಯಾಗು ಹಿಡಿದು ಆಯಮ್ಮ ಕೂತಿದ್ದರು. ಪಕ್ಕದಲ್ಲಿ ಜಾಗ ಮಾಡಿಕೊಟ್ಟು ಕೇಳಿದರು: "ನೀವು ದಿನಾ ಜೊತೇಲಿ ಹೋಗ್ತೀರ. ನಿಜ ಹೇಳಿ, ಅವರು ಯಾರ ಜೊತೆ ಮಾತಾಡ್ತಾರೆ?"

"ಯಾರ ಜೊತೇನೂ ಇಲ್ಲಕ್ಕಾ. ಹಾಡು..."

"ಯಾವ ಹಾಡು? ನಮ್ಮನೆಯವರು ಒಂದು ಹಾಡು ಗುನುಗಿದ್ದು ನಾನು ಇವತ್ತಿನವರೆಗೂ ಕೇಳಿಲ್ಲ. ದೊಡ್ಡ ಮಗಳ ಆರತಕ್ಷತೇಲಿ ವಾದ್ಯದೋರ ಮುಂದೆ ಕೂತು ನಿದ್ದೆ ಮಾಡಿದೋರು. ಈ ವಯಸ್ಸಲ್ಲಿ ಕಿವಿಗೆ ಅದನ್ನ ಸಿಕ್ಕಿಸ್ಕೊಂಡು ಒಬ್ಬೊಬ್ರೇ ಕೂತಿರ್ತಾರೆ. ನಾನೇನು ದಡ್ಡೀನಾ?"

ಕಣ್ಣೀರು ಹಾಕಲಿಲ್ಲ, ಆದರೆ ಬ್ಯಾಗಿನ ಜಿಪ್ಪನ್ನು ಎಳೆದು ಬಿಡುತ್ತಿದ್ದರು. ಯಾರಿಗೂ ಹೇಳಬೇಡಿ ಎಂದು ಟೀ ಅಂಗಡಿಯಲ್ಲಿ ಅವರು ನನ್ನ ಕೈ ಹಿಡಿದಿದ್ದರು. ಹೇಳದಿದ್ದರೆ ಈ ಸಂಸಾರ ಕೆಡುತ್ತದೆ. ಹೇಳಿದರೆ ಮಾತು ತಪ್ಪಿದಂತೆ, ಮೇಲಾಗಿ ನನ್ನ ಸೀಟೂ ಹೋಗುತ್ತದೆ. ನಾಯಂಡಹಳ್ಳಿ ದಾಟುವವರೆಗೆ ಯೋಚಿಸಿ, "ಅಕ್ಕಾ, ಅವರು ಕೇಳೋದು ಹಾಡೂ ಅಲ್ಲ, ಫೋನೂ ಅಲ್ಲ. ಅವರಿಗೆ ಏನೂ ಕೇಳ್ಸಲ್ಲ" ಎಂದೆ.

ಆಯಮ್ಮ ನನ್ನ ಮುಖವನ್ನೇ ನೋಡಿದರು. ಜಿಪ್ಪು ಎಳೆಯುವುದು ನಿಂತಿತು.

"ಮಾವನ ಥರಾನಾ?"

"ಹೂಂ. ಇನ್ನೊಬ್ರಿಗೆ ಕೂಗೋ ತಾಕತ್ತಿಲ್ಲ ಅಂತ ನೀವು ಅಂದಿದ್ದು ಕೇಳಿಸ್ಕೊಂಡಿದ್ರಂತೆ, ಅದಕ್ಕೇ ಹೇಳಿಲ್ಲ."

"ಅಯ್ಯೋ ಶಿವನೇ" ಎಂದರು. ಆಮೇಲೆ ಅಲ್ಲೇ, ನಿಂತವರು ಕೂತವರು ಎಲ್ಲರೂ ನೋಡುವಂತೆ, ಗಂಡನನ್ನು ಬಯ್ಯತೊಡಗಿದರು. "ಬಾಯಿ ಬಿಟ್ಟು ಹೇಳೋಕೇನು ಧಾಡಿ ಅವರಿಗೆ? ಹಾಡು ಕೇಳ್ತಾ ನಿನ್ನ ಮರೆತೆ ಅಂತ ಬೇಕಾದ್ರೆ ಹೇಳ್ತಾರೆ, ಇದು ಹೇಳೋಕೆ ನಾಚಿಕೇನಾ? ನಾನು ಕೂಗಲ್ಲ ಅಂದಿದ್ದು ಇವರಿಗಾ? ಇವರಿಗೆ ಅಂತೀನಾ ನಾನು?" ಬಯ್ಯುತ್ತ ಬಯ್ಯುತ್ತ ಅತ್ತರು. ವಿಜಯನಗರ ಬಂತು, ಬಾಗಿಲು ತೆರೆಯಿತು, ಮುಚ್ಚಿತು. ಅವರು ಇಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಗಾಡಿ ನನ್ನನ್ನು ಕರೆದೊಯ್ಯಲು ಬರಲಿಲ್ಲ. ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಮುಂದೆಯೇ ಹಾದುಹೋಯಿತು. ಆಯಮ್ಮ ಹಿಂದೆ ಕೂತು ಅವರ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಮಾತಿರಲಿಲ್ಲ. ಅವರಿಬ್ಬರೂ ಹಾಗೆ ಸುಮ್ಮನೆ ಹೋದದ್ದನ್ನು ನೋಡಿ ನನಗೆ ಬೇಜಾರಾಯಿತು.

ಆಮೇಲೆ ಆಯಮ್ಮ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಿವಿಗೆ ಯಂತ್ರ ಹಾಕಿಸಿದರು. ಕಿವಿಯ ಹಿಂದೆ ಅಡಗಿ ಕೂರುವಂಥದ್ದು. ಅದು ಇಯರ್‌ಬಡ್ಡಿನ ಹೊಸ ಮಾಡೆಲ್ ಎಂದು ಆಫೀಸಿನವರೆಲ್ಲ ನಂಬಿದರು. ಒಬ್ಬರು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು. ಈಗ ಅವರಿಗೆ ಎಲ್ಲವೂ ಕೇಳಿಸುತ್ತಿತ್ತು, ಹಾಗಾಗಿ ಜ್ಞಾನಿ ಎಂಬ ಹೆಸರು ಸ್ವಲ್ಪ ಮಸುಕಾಯಿತು. ಮ್ಯಾನೇಜರ ಜೊತೆ ಒಂದೆರಡು ಸಲ ಜಗಳವನ್ನೂ ಆಡಿದರು. ನಾನು ಮಾತು ತಪ್ಪಿದ್ದಕ್ಕೆ ಏನೂ ಅನ್ನಲಿಲ್ಲ. ಒಂದು ಮಧ್ಯಾಹ್ನ ತಾವಾಗಿಯೇ ಬಂದು ಪಕ್ಕದಲ್ಲಿ ಕೂತರು.

"ಎಲ್ಲಾ ಕೇಳ್ಸತ್ತೆ ಕಣ್ರೀ. ಹೆಲ್ಮೆಟ್ ಹಾಕಿದ್ರೆ ಮಾತ್ರ ಕುಂಯ್ ಅಂತ ಕೂಗತ್ತೆ. ಗಾಡಿ ಮೇಲೆ ತೆಗೆದು ಜೇಬಿಗೆ ಹಾಕ್ಕೊಳ್ಳೋದು."

"ಮತ್ತೆ ಗಾಡಿ ಮೇಲೆ ಮಾತು?"

"ನೋಡೋಣ ಬಿಡಿ" ಎಂದರು. ಈ ಸಲ ಅದು ನಿಜವಾಗಿಯೂ ನೋಡೋಣ ಬಿಡಿಯೇ ಆಗಿತ್ತು. ಮನೆಯಲ್ಲಿ ಕೇಳಿಸಿ, ಆಫೀಸಿನಲ್ಲಿ ಕೇಳಿಸಿ, ಬೇಕಾದ ಆ ಒಂದು ಜಾಗದಲ್ಲೇ ಕೇಳಿಸುವುದಿಲ್ಲವೆಂದರೆ ಏನು ಬಂತು ಎಂದು ನನಗೆ ಆ ಯಂತ್ರದ ಮೇಲೂ ಸಿಟ್ಟು ಬಂತು.

ನಿವೃತ್ತಿಯಾದ ಮೇಲೆ ಅವರಿಗೆ ಈ ಕಡೆ ಬರುವ ಕೆಲಸವೇನೂ ಇಲ್ಲ. ಆದರೂ ದಿನಾ ಹೆಂಡತಿಯನ್ನು ವಿಜಯನಗರಕ್ಕೆ ಬಿಟ್ಟು ಹೋಗುತ್ತಾರೆ ಎಂದು ಕೇಳಿದ್ದೆ. ಹೋದ ವಾರ ನಾಯಂಡಹಳ್ಳಿಯಲ್ಲಿ ಬಸ್ಸು ಕೆಟ್ಟು ನಮ್ಮನ್ನೆಲ್ಲ ಇಳಿಸಿದರು. ಫುಟ್‌ಪಾತಿನಲ್ಲಿ ನಿಂತು ಹಣೆಬರಹ ಬೈದುಕೊಳ್ಳುತ್ತಿರುವಾಗ ಸಿಗ್ನಲ್ಲಿನ ಆ ಬದಿಯಲ್ಲಿ ಅವರ ಗಾಡಿ ಕಂಡಿತು.

ಆಯಮ್ಮ ಫೋನನ್ನು ಹೆಲ್ಮೆಟ್ಟಿನೊಳಗೆ ಕೆನ್ನೆಗೆ ಸಿಕ್ಕಿಸಿಕೊಂಡು ಮಾತಾಡುತ್ತಿದ್ದರು. ಕೈ ಬೀಸಿ ಬೀಸಿ, ನಕ್ಕು, ಮತ್ತೆ ಯಾವುದೋ ಗುಟ್ಟಿಗೆ ದನಿ ತಗ್ಗಿಸಿದವರ ಹಾಗೆ ತಲೆ ಬಗ್ಗಿಸಿ. ನನಗೆ ಮೈಯೆಲ್ಲ ಉರಿಯಿತು. ಈ ಮನುಷ್ಯ ಒಂದು ಮಾತಿಗಾಗಿ ಅಷ್ಟೆಲ್ಲ ಪಾಡುಪಟ್ಟರೆ, ಈಯಮ್ಮ ಅವರ ಬೆನ್ನ ಹಿಂದೆ ಕೂತು ಇನ್ಯಾರ ಜೊತೆಯೋ ಹರಟೆ ಹೊಡೆಯುತ್ತಿದ್ದಾರಲ್ಲ! ಅವರು ಪಾಪ, ಗಾಜು ಒರೆಸಿ, ಕಿವಿಯಲ್ಲಿದ್ದ ಹಳೆಯ ಇಯರ್‌ಬಡ್ಡಿನ ಮೇಲೆ ಹೆಲ್ಮೆಟ್ ಹಾಕಿಕೊಂಡು, ಮುಂದೆ ನೋಡಿಕೊಂಡು ತಮ್ಮಷ್ಟಕ್ಕೆ ತಾವೇ ತಲೆಯಾಡಿಸುತ್ತಿದ್ದರು. ತುಟಿಯೂ ಅಲ್ಲಾಡುತ್ತಿತ್ತು. ಒಂದು ನಮಸ್ಕಾರವನ್ನಾದರೂ ಹೇಳೋಣ, ಒಬ್ಬರಾದರೂ ಮಾತಾಡಿಸಿದಂತಾಗುತ್ತದೆ ಎಂದು ಅವರ ನಂಬರಿಗೆ ಫೋನ್ ಮಾಡಿದೆ.

"ನೀವು ಕರೆ ಮಾಡುತ್ತಿರುವ ಚಂದಾದಾರರು ಬೇರೊಂದು ಕರೆಯಲ್ಲಿ ಮಾತನಾಡುತ್ತಿದ್ದಾರೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ" ಎಂದಿತು.

ಹಸಿರು ಬಿತ್ತು. ಇಬ್ಬರೂ ಮಾತಾಡಿಕೊಂಡು ಹೋದರು. ನಾನು ಮತ್ತೆ ಪ್ರಯತ್ನಿಸಲಿಲ್ಲ.